ಹಲಗೆಯ ಮೇಲಿನ ಎರಡು ಕೂಸು

ನಮ್ಮ ಮನೆಯವರು ನನ್ನ ಬಗ್ಗೆ ಹೆಮ್ಮೆಯಿಂದ ಹೇಳುವ ಮಾತು ಒಂದೇ ಒಂದು. ತಂಗಿ ಕಸ್ತೂರಿಗೆ ಕಿವಿ ಕೇಳಿಸುವುದಿಲ್ಲ ಎಂಬುದನ್ನು ದೊಡ್ಡವರಿಗಿಂತ ಮೊದಲು ಕಂಡುಹಿಡಿದವನು ನಾನು, ಆಗ ನನಗೆ ಬರೇ ಹನ್ನೊಂದು ವರ್ಷ, ಎಂಬ ಮಾತು. ಮದುವೆಯಲ್ಲಿ, ಬಸುರಿಯರ ಕುಬಸದಲ್ಲಿ, ಹೊಸ ಬೀಗರು ಬಂದು ಕೂತಾಗ ಯಾರಾದರೊಬ್ಬರು ಇದನ್ನು ತೆಗೆಯುತ್ತಾರೆ. ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ಜನ ಅದನ್ನು ವಿನಯ ಎಂದು ತಿಳಿಯುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧವನ್ನು ಅರವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ಈ ಅಧ್ಯಾಯದಲ್ಲಿ ಅದನ್ನು ಹೇಳಿ ಮುಗಿಸಬೇಕು.

ನಾವು ಇಳಕಲ್ಲಿನ ನೇಕಾರರು. ಬೀದಿಯ ಬಾಗಿಲು ದಾಟಿದರೆ ಮಗ್ಗದ ಪಡಸಾಲೆ, ಅದರಾಚೆ ಅಡಿಗೆಮನೆ, ಬಗಲಿಗೆ ಬಾಣಂತಿಯರ ಕತ್ತಲು ಕೋಣೆ, ಹಿಂದೆ ಹಿತ್ತಲು. ಮನೆಯೆಂದರೆ ಅಷ್ಟೇ. ಪಡಸಾಲೆಯ ನೆಲದಲ್ಲಿ ಮೂರು ಕುಣಿ ತೋಡಿದ್ದರು. ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂತು ಸೀರೆ ನೇಯುತ್ತಿದ್ದರು. ಒಂದು ಅಪ್ಪನ ಕುಣಿ, ಒಂದು ಅಪ್ಪನ ತಮ್ಮ ಕಾಕಾನದು, ಮೂರನೆಯದು ಅಜ್ಜನದು. ಅಜ್ಜ ತೀರಿಕೊಂಡ ಮೇಲೆ ಆ ಕುಣಿಯಲ್ಲಿ ಇನ್ನೊಬ್ಬರು ಕಾಲಿಡಬಾರದೆಂದು ಆಯಿ, ಅಂದರೆ ಅಪ್ಪನ ತಾಯಿ, ಹಟ ಹಿಡಿದಳು. ಮಣ್ಣು ತುಂಬಿ ಮುಚ್ಚಲಿಕ್ಕೂ ಬಿಡಲಿಲ್ಲ. ಕೊನೆಗೆ ಬೇವಿನ ದಪ್ಪ ಹಲಗೆಗಳನ್ನು ಜೋಡಿಸಿ ಮೇಲೆ ಮುಚ್ಚಿದರು. ಕೆಳಗೆ ಪೊಳ್ಳು, ಮೇಲೆ ಹಲಗೆ. ನೆಲದ ತಂಪು ಹತ್ತುವುದಿಲ್ಲ, ಎರಡೂ ಮಗ್ಗದಿಂದ ಕಣ್ಣಿಗೆ ಬೀಳುತ್ತದೆ ಎಂದು ಮನೆಯ ಕೂಸುಗಳನ್ನು ಆಡಲು ಬಿಡುವ ಜಾಗ ಅದೇ ಆಯಿತು.

ಮಗ್ಗದ ಮನೆಯಲ್ಲಿ ಮಾತು ಬಾಯಿಗಿಂತ ಕೈಯಲ್ಲೇ ಹೆಚ್ಚು. ಎರಡು ಮಗ್ಗ ಒಮ್ಮೆಲೇ ನಡೆದಾಗ ಲಾಳಿಯ ಹೊಡೆತ, ಹಣಿಗೆಯ ಬಡಿತ ಸೇರಿ ಎದುರಿಗೆ ಕೂತವರ ದನಿ ಸಹ ಕೇಳುತ್ತಿರಲಿಲ್ಲ. ಹಾಗಾಗಿ ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ ಆಗಿದೆ, ಉಣ್ಣಲಿಕ್ಕೆ ಏಳಿ ಎಂದರ್ಥ. ಎರಡು ಬೆರಳು ಕೂಡಿಸಿ ಚಟ್ಟನೆ ಅಗಲಿಸಿದರೆ ಎಳೆ ಹರಿದಿದೆ. ಲಾಳಿಯ ಹಗ್ಗ ಜಗ್ಗಿದಂತೆ ಮಾಡಿದರೆ ಅಪ್ಪ, ಮೀಸೆ ತಿರುವಿದರೆ ಕಾಕಾ, ಮೂಗಿನ ನತ್ತು ತಿರುವಿದರೆ ಆಯಿ. ನನ್ನ ಹೆಸರು ಪರಸಪ್ಪನಾದರೂ ಕೈಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ತಲೆ ಕೆರೆದು. ನನ್ನ ತಲೆಯ ಹೇನು ಅಷ್ಟು ಪ್ರಸಿದ್ಧವಾಗಿದ್ದವು. ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ ಆಯಿಯ ಬೆನ್ನ ಹಿಂದೆ ನಿಂತು, ಒಂದು ಮಾತೂ ಆಡದೆ, ಆಯಿಯ ಜಿಪುಣತನವನ್ನು ಹನಿಯಷ್ಟು ಎಣ್ಣೆಯಿಂದ ಹಿಡಿದು ಉಪ್ಪಿನ ಹರಳಿನ ತನಕ ಆಡಿಕೊಳ್ಳುತ್ತಿದ್ದರು. ಒಂದು ದಿನ ಆಯಿ ಎದುರಿನ ಬೆಳಗಿದ ಹಿತ್ತಾಳೆಯ ಕೊಡದಲ್ಲಿ ಇಬ್ಬರ ಕೈಗಳನ್ನೂ ಕಂಡುಬಿಟ್ಟಳು.

"ಸೊಸಿ ಬಾಯಿಲೆ ಬೈದರ ಓಣಿ ಮಂದಿ ನ್ಯಾಯ ಮಾಡ್ತಾರ. ಕೈಲೆ ಬೈದರ ಯಾರಿಗೆ ಹೇಳ್ಲಿ? ನಡೀರಿ ಒಳಗ, ಇಬ್ಬರಿಗೂ ಇವತ್ತು ಬರೇ ಕಾರಬ್ಯಾಳಿ."

ಆಯಿ ಬೈದಳು, ತಾನೇ ನಕ್ಕಳು, ಎಲ್ಲರೂ ಕೂಡಿಯೇ ಉಂಡೆವು. ಆ ಮನೆ ಹಾಗಿತ್ತು. ಹೊಟ್ಟೆ ತುಂಬ ಊಟ, ಬಾಯಿ ತುಂಬ ಬೈಗಳು, ಸಂಜೆಗೆ ಎಲ್ಲ ಸರಿ.

ಆ ವರ್ಷ ಅವ್ವನೂ ಚಿಗವ್ವನೂ ಹದಿನೈದು ದಿನದ ಅಂತರದಲ್ಲಿ ಹಡೆದರು. ಅವ್ವ ತವರಾದ ಚೊಳಚಗುಡ್ಡಕ್ಕೆ ಹೋಗಿ ಕಸ್ತೂರಿಯನ್ನು ಎತ್ತಿಕೊಂಡು ಬಂದಳು. ಚಿಗವ್ವ ಹುನಗುಂದದಿಂದ ಈರಣ್ಣನನ್ನು ತಂದಳು. ದೀಪಾವಳಿಗೆ ಎರಡು ಕೂಸೂ ಕತ್ತಲು ಕೋಣೆಯಲ್ಲಿ ಒಂದೇ ತೊಟ್ಟಿಲಲ್ಲಿದ್ದವು, ಒಂದರ ತಲೆ ಈ ಕಡೆ, ಇನ್ನೊಂದರದು ಆ ಕಡೆ. ನಾನು ಮಾಡಬಾರದ್ದನ್ನು ಮಾಡಿದೆ. ಎಲ್ಲಕ್ಕಿಂತ ದೊಡ್ಡ ಪಟಾಕಿಯನ್ನು ಅದೇ ಕೋಣೆಯ ಕಿಟಕಿಯ ಕಟ್ಟೆಯ ಮೇಲಿಟ್ಟು ಹಚ್ಚಿದೆ. ಗೋಡೆಯ ಮಣ್ಣು ಉದುರಿತು. ಈರಣ್ಣ ಉಸಿರು ಕಟ್ಟಿ ನೀಲಿಯಾಗುವಂತೆ ಅತ್ತ. ಅಪ್ಪ ನನ್ನನ್ನು ಹಿಡಿದು ಬಡಿಗೆ ಮುರಿಯುವ ತನಕ ಹೊಡೆದ. ಕಸ್ತೂರಿ ಮಾತ್ರ ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿದ್ದಳು.

"ಇದು ಹೆಣ್ಣಲ್ಲ, ಹುಲಿ ಐತಿ. ನನ್ನ ಮಗ ನೋಡು, ಹೆಂಗ ಹೆದರ್‍ಯಾನ!" ಎಂದು ಚಿಗವ್ವ ಕಸ್ತೂರಿಯ ದೃಷ್ಟಿ ತೆಗೆದಳು.

ಕೂತುಕೊಳ್ಳುವಷ್ಟು ಬೆಳೆದ ಮೇಲೆ ಇಬ್ಬರನ್ನೂ ಅಜ್ಜನ ಕುಣಿಯ ಹಲಗೆಯ ಮೇಲೆ ಬಿಟ್ಟರು. ಅಪ್ಪ ಮಗ್ಗ ನಡೆಸಿದರೆ ಆ ಬಡಿತ ನೆಲದಲ್ಲಿ ಹಾಯ್ದು, ಪೊಳ್ಳು ಕುಣಿಯಲ್ಲಿ ಗುಂಯ್ಗುಟ್ಟಿ, ಹಲಗೆಗೆ ಬರುತ್ತಿತ್ತು. ಇಬ್ಬರೂ ಅದರ ತಾಳಕ್ಕೆ ಕುಂಡೆ ಎತ್ತಿ ಎತ್ತಿ ಕುಣಿಯುತ್ತಿದ್ದರು. ಮಗ್ಗ ನಿಂತಿತೋ, ಮೊದಲು ತಿರುಗಿ ನೋಡುವವಳು ಕಸ್ತೂರಿ. ಯಾರಾದರೂ ಬೀದಿಯ ಬಾಗಿಲನ್ನು ಜೋರಾಗಿ ನೂಕಿ ಒಳಗೆ ಕಾಲಿಟ್ಟರೆ ಮೊದಲು ತಿರುಗುವವಳೂ ಅವಳೇ. ಇವಳ ಕಿವಿ ಭಾಳ ಚುರುಕು ಎಂದು ಮನೆ ತೀರ್ಪು ಕೊಟ್ಟಿತು. ಬೇರೆ ಮನೆಯಲ್ಲಿ ಆಗದ ತಪ್ಪು ಇದು. ಹಾಸಿಗೆಯ ಮೇಲೆ, ಮಣ್ಣು ನೆಲದ ಮೇಲೆ ಬೆಳೆದಿದ್ದರೆ ನಾಲ್ಕೈದು ತಿಂಗಳಲ್ಲೇ ತಾಯಿಗೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ನೆಲವೇ ಅವಳಿಗೆ ಎಲ್ಲವನ್ನೂ ಹೇಳುತ್ತಿತ್ತು.

ಈರಣ್ಣ ಬಾಯಲ್ಲಿ "ಬ ಬ ಬ" ಎಂದು ತೊದಲತೊಡಗಿದಾಗ ಕಸ್ತೂರಿಯ ಬಾಯಲ್ಲಿಯೂ ಏನೋ ಸದ್ದು ಬರುತ್ತಿತ್ತು. ಆದರೆ ಅವಳು ಹೆಚ್ಚು ತೊದಲುತ್ತಿದ್ದದ್ದು ಬೆರಳಲ್ಲಿ. ಅವ್ವ ಮಗ್ಗದ ಈ ಕಡೆಯಿಂದ ಅಪ್ಪನ ಜೊತೆ ಕೈಯಾಡಿಸುವುದನ್ನು ದಿಟ್ಟಿಸಿ ನೋಡುವಳು. ಆಮೇಲೆ ತನ್ನ ಕೈಗಳನ್ನು ಮುಖದ ಮುಂದೆ ಹಿಡಿದು ಬೆರಳು ಬಿಚ್ಚುವಳು, ಮಡಿಸುವಳು, ಮತ್ತೆ ಬಿಚ್ಚುವಳು, ಒಂದೇ ಲಯದಲ್ಲಿ. ಅದಕ್ಕೆ ಅರ್ಥ ಇರಲಿಲ್ಲ. ಈರಣ್ಣನ "ಬ ಬ ಬ"ಕ್ಕೂ ಅರ್ಥ ಇರಲಿಲ್ಲವಲ್ಲ. ಅವಳು ಬೆರಳೆಣಿಸುತ್ತಾಳೆ, ಲೆಕ್ಕದಲ್ಲಿ ಜಾಣೆ ಆಗುತ್ತಾಳೆ ಎಂದು ಕಾಕಾ ನಗುತ್ತಿದ್ದ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗಕ್ಕೆ ರಜೆ. ಮಗ್ಗ ತೊಳೆದು ವಿಭೂತಿ ಹಚ್ಚಿ ಪೂಜೆ ಮಾಡಿ, ಕಡಬು ಉಂಡು, ಗಂಡಸರು ಹೊರಗೆ ಕಟ್ಟೆಗೆ ಹೋಗುವರು. ಕೂಸುಗಳಿಗೆ ಒಂಬತ್ತೋ ಹತ್ತೋ ತಿಂಗಳಿದ್ದಾಗಿನ ಒಂದು ಅಮಾವಾಸ್ಯೆಯ ಮಧ್ಯಾಹ್ನ ಇಬ್ಬರನ್ನೂ ತೊಟ್ಟಿಲಲ್ಲಿ ಕೂರಿಸಿ, ನೋಡಿಕೋ ಎಂದು ಅವ್ವ ಹಿತ್ತಲಿಗೆ ಹೋದಳು. ಮನೆಯಲ್ಲಿ ಅಷ್ಟು ಸದ್ದಿಲ್ಲದ ಹೊತ್ತು ಅಪರೂಪ. ಆಟಕ್ಕೆಂದು ನಾನು ಬೆನ್ನ ಹಿಂದೆ ನಿಂತು ಗಿಲಕಿ ಆಡಿಸಿದೆ. ಈರಣ್ಣ ತಿರುಗಿದ. ಕಸ್ತೂರಿ ತಿರುಗಲಿಲ್ಲ. ಹೆಸರು ಹಿಡಿದು ಕರೆದೆ, ಒದರಿದೆ. ಕಡೆಗೆ ಸೌಟಿನಿಂದ ತಾಟು ಬಡಿದೆ. ಈರಣ್ಣ ಅಳತೊಡಗಿದ. ಅವನ ಮುಖ ಯಾಕೆ ಹಾಗಾಯಿತು ಎಂದು ಅವಳು ಬೆರಗಾಗಿ ನೋಡಿದಳು, ತನ್ನ ಕೈಯಿಂದ ಅವನ ಬಾಯಿ ಮುಟ್ಟಿದಳು. ಹಗ್ಗದ ಮೇಲೆ ತೂಗುವ ತೊಟ್ಟಿಲಿಗೆ ನೆಲದ ಸುದ್ದಿ ಬರುವುದಿಲ್ಲ ಎಂದು ನನಗೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಅದಕ್ಕಿಂತ ಬೇಗ ತಿಳಿದದ್ದು ಇನ್ನೊಂದು. ದೀಪಾವಳಿಯ ಪಟಾಕಿ. ಇವಳ ಕಿವಿ ಅವತ್ತೇ ಒಡೆದಿವೆ, ಒಡೆದವನು ನಾನು.

ಹತ್ತು ವರ್ಷದ ಹುಡುಗ ಹೆದರಿದ್ದು ತಪ್ಪಲ್ಲ, ಹೆದರಿ ಮಾಡಿದ್ದು ತಪ್ಪು. ಕೆಲ ದಿನಕ್ಕೆ ಬಗಲ ಮನೆಯ ಹೆಣ್ಣುಮಗಳು ಬಂದು, "ಕೂಸು ಕರದ್ರ ನೋಡವಲ್ದಲ್ಲ?" ಎಂದಳು. ಆಯಿಗೆ ಸಿಟ್ಟು ಬಂತು. ಮಗ್ಗ ನಿಲ್ಲಿಸಲು ಹೇಳಿ, ಕಸ್ತೂರಿಯನ್ನು ಹಲಗೆಯ ಮೇಲೆ ಕೂರಿಸಿ, ಹಿಂದೆ ಹೋಗಿ ಚಪ್ಪಾಳೆ ತಟ್ಟಿದಳು. ನಾನು ಹಲಗೆಯ ತುದಿಯಲ್ಲಿ ನಿಂತಿದ್ದೆ. ಚಪ್ಪಾಳೆಯ ಜೊತೆಗೇ ಹಿಮ್ಮಡಿಯಿಂದ ಹಲಗೆಯನ್ನು ಒತ್ತಿ ಬಡಿದೆ. ಕಸ್ತೂರಿ ಗಕ್ಕನೆ ತಿರುಗಿದಳು. ಎದುರಿಗೆ ಆಯಿಯನ್ನು ಕಂಡು ನಕ್ಕಳು.

"ನೋಡಿದೇನ? ಮಂದಿ ಕಣ್ಣಿಗೆ ಮಣ್ಣು ಬೀಳ್ಲಿ!" ಎಂದು ಆಯಿ ಅವಳನ್ನು ಎತ್ತಿ ಮುದ್ದಿಟ್ಟಳು.

ಅಂದಿನಿಂದ ಯಾರೇ ಅವಳನ್ನು ಕರೆಯಲಿ, ನಾನು ಹಲಗೆಯ ಹತ್ತಿರ ಇರುತ್ತಿದ್ದೆ. ಸಾಲೆಯಿಂದ ಓಡಿ ಬರುತ್ತಿದ್ದೆ. ಆಟಕ್ಕೆ ಹೋಗುತ್ತಿರಲಿಲ್ಲ. ಅಣ್ಣನಿಗೆ ತಂಗಿ ಎಂದರೆ ಎಷ್ಟು ಜೀವ ನೋಡಿರಿ ಎಂದು ಓಣಿಯವರು ಕೊಂಡಾಡಿದರು. ಒಂದು ವರ್ಷದ ಮೇಲೆ ಎರಡು ತಿಂಗಳು ನನ್ನ ಹಿಮ್ಮಡಿ ಈ ಕೆಲಸ ಮಾಡಿತು.

ಆ ಒಂದು ವರ್ಷ, ನನ್ನ ಕಳ್ಳತನ ಬಿಟ್ಟರೆ, ಹಲಗೆಯ ಮೇಲೆ ಒಳ್ಳೆಯ ವರ್ಷ. ಕಸ್ತೂರಿಯ ಮೊದಲ ಮಾತು ಅಪ್ಪ. ಬಲಗೈ ಮುಷ್ಟಿ ಮಾಡಿ, ಗಾಳಿಯಲ್ಲಿ ಲಾಳಿಯ ಹಗ್ಗ ಜಗ್ಗಿ, ಅಪ್ಪನ ಕಡೆ ನೋಡಿದಳು. ಅಪ್ಪ ಎಳೆ ಹರಿದುಕೊಂಡ. ಈರಣ್ಣನೂ ಬಾಯಲ್ಲಿ ಮಾತಾಡುವುದಕ್ಕಿಂತ ಮೊದಲು ಅಂಗೈ ತಟ್ಟಿ ರೊಟ್ಟಿ ಕೇಳಿದ. ನೂಲು ಸುತ್ತುವ ಖಾಲಿ ಕಂಡಿಕೆಗಳೇ ಅವರ ಆಟಿಕೆ. ಮೊದಮೊದಲು ಕಡಿಯುವುದು, ಬಡಿಯುವುದು, ಉರುಳಿಸುವುದು ಇಷ್ಟೇ. ಒಂದೂವರೆ ವರ್ಷದ ಹೊತ್ತಿಗೆ ಕಂಡಿಕೆ ಕೂಸಾಯಿತು. ಕಸ್ತೂರಿ ಅದಕ್ಕೆ ಚಿಂದಿ ಬಟ್ಟೆ ಸುತ್ತಿ ಮಲಗಿಸುವಳು, ಬೊಗಸೆಯಿಂದ ಇಲ್ಲದ ನೀರೆರೆದು ಮೈ ತೊಳೆಯುವಳು, ಬೆರಳಿನಿಂದ ಇಲ್ಲದ ಅನ್ನ ಕಲಸಿ ಉಣ್ಣಿಸುವಳು. ಕಂಡಿಕೆ ಉಣ್ಣದಿದ್ದರೆ ನತ್ತು ತಿರುವಿ "ಆಯಿ ಬರ್ತಾಳ" ಎಂದು ಹೆದರಿಸುವಳು. ಈರಣ್ಣ ತನ್ನ ಕಂಡಿಕೆಗೆ ಬಾಯಲ್ಲಿ ಜೋ ಜೋ ಅನ್ನುವನು, ಮತ್ತೆ ಅದನ್ನೇ ಕಸ್ತೂರಿಗೆ ಕೈಯಲ್ಲಿ ಹೇಳುವನು. ಯಾವುದು ಕೈ, ಯಾವುದು ಬಾಯಿ ಎಂಬ ಭೇದ ಅವನಿಗೆ ಇರಲಿಲ್ಲ. ಎರಡು ಸಂಸಾರ ಒಂದೇ ಹಲಗೆಯ ಮೇಲೆ ಚೆನ್ನಾಗಿಯೇ ನಡೆದಿದ್ದವು.

ಆದರೆ ಎರಡು ವರ್ಷ ಸಮೀಪಿಸಿದಾಗ ಈರಣ್ಣ "ಆಯಿ, ಬೆಲ್ಲಾ ಕೊಡು" ಎನ್ನತೊಡಗಿದ. ಕಸ್ತೂರಿಯ ಬಾಯಿಂದ ಒಂದು ಶಬ್ದ ಬರಲಿಲ್ಲ. ಕಿವಿ ಸರಿ ಇದೆ ಎಂದು ಊರ ಮುಂದೆ ಸಾಬೀತಾಗಿತ್ತು. ಹಾಗಾದರೆ ಕೊರತೆ ಎಲ್ಲಿ? ಒಂದು ಮಧ್ಯಾಹ್ನ, ಎಲ್ಲರೂ ಉಣ್ಣುತ್ತ ಕೂತಾಗ, ಆಯಿ ತಾಟು ಸರಿಸಿ ಅವ್ವನ ಕಡೆ ತಿರುಗಿದಳು.

"ನೀಲವ್ವಾ, ಕಿವಿ ಕೇಳ್ತಾವ, ಬಾಯಿ ಯಾಕ ಬರವಲ್ದು? ನಾ ಹೇಳ್ತೇನಿ ಕೇಳು. ನೀ ಮುಂಜಾನಿಂದ ಕೈಲೆ ಮಾತಾಡಿ ಮಾತಾಡಿ ಅದರ ನಾಲಿಗಿ ಜಡ ಮಾಡೀದಿ. ಕೈಯಾಗ ಕೆಲಸ ಆಗೂ ಹಂಗಿದ್ರ ಬಾಯಿ ಯಾಕ ತಗೀತಾಳ ಅಕಿ?"

"ಈರಣ್ಣನ ಕೂಡನೂ ಕೈಲೇ ಮಾತಾಡ್ತೇವಲ್ರಿ ಅತ್ತಿ. ಅವಗ ಬಾಯಿ ಬಂತಲ್ರಿ?"

"ಅಂವ ಶ್ಯಾಣ್ಯಾ. ಇಕಿ ಮೈಗಳ್ಳಿ. ಇವತ್ತಿನಿಂದ ಈ ಕೂಸಿನ ಮುಂದ ಯಾರೂ ಕೈಯಾಡಸಬ್ಯಾಡ್ರಿ. ಹಸಿವಾದ್ರ ತಾನ ಬಾಯಿ ಬಿಡ್ತಾಳ. ನೀ ಏನಂತಿ?" ಎಂದು ಅಪ್ಪನನ್ನು ಕೇಳಿದಳು.

"ನೀ ಅಂದಂಗ ಆಗ್ಲಿ ಬಿಡವ್ವಾ" ಎಂದ ಅಪ್ಪ, ರೊಟ್ಟಿಯಿಂದ ಕಣ್ಣೆತ್ತದೆ.

ನಾನು ಅಲ್ಲೇ ಕೂತಿದ್ದೆ. ನನ್ನ ಬಾಯಲ್ಲಿ ಶೇಂಗಾ ಚಟ್ನಿ ಇತ್ತು. ಒಂದು ಮಾತು ಸಾಕಿತ್ತು. ನಾನು ನುಂಗಿದ್ದು ಚಟ್ನಿಯನ್ನಷ್ಟೇ ಅಲ್ಲ.

ನಾಲ್ಕು ತಿಂಗಳು ಹಾಗೆ ನಡೆಯಿತು. ಕಸ್ತೂರಿ ಹತ್ತಿರ ಬಂದರೆ ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುವಳು. ಕೂಸು ಸೆರಗು ಎತ್ತಿ, ಅವ್ವನ ಕೈಗಳನ್ನು ಹಿಡಿದು ಹೊರಗೆ ಎಳೆಯುವುದು, ಬೆರಳುಗಳನ್ನು ತಾನೇ ಬಿಡಿಸುವುದು, ಮುಖ ನೋಡುವುದು. ಅವ್ವ ದೊಡ್ಡದಾಗಿ ಬಾಯಿ ತೆರೆದು "ಹೇಳು, ಅವ್ವಾ ಅನ್ನು" ಎನ್ನುವಳು, ಅಳು ಬಂದರೆ ಅಡಿಗೆಮನೆಗೆ ಹೋಗುವಳು. ನನಗೆ ಆಯಿ ಒಂದು ಕೆಲಸ ಹಚ್ಚಿದಳು. "ಅಣ್ಣ ಆದಾಂವ ನೀ. ಅಕಿ ಕೈ ಎತ್ತಿದ್ರ ಹಿಡಿ, ಬಾಯಿಲೆ ಹೇಳು ಅನ್ನು" ಎಂದಳು. ನಾನು ಹಿಡಿದೆ. ಗುಬ್ಬಿ ಹಿಡಿದ ಹಾಗೆ ಆ ಕೈಗಳು ನನ್ನ ಮುಷ್ಟಿಯಲ್ಲಿ ಒದ್ದಾಡುತ್ತಿದ್ದವು. "ಬಾಯಿಲೆ ಹೇಳು" ಎನ್ನುತ್ತಿದ್ದೆ, ಅವಳಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ನಾನು.

ಮೊದಲು ಅವಳು ಚೀರಿದಳು, ಈರಣ್ಣನನ್ನು ಕಚ್ಚಿದಳು. ಆಮೇಲೆ ಸುಮ್ಮನಾದಳು. ಸುಮ್ಮನಾದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಕಂಡಿಕೆ ಮತ್ತೆ ಬರೇ ಕಂಡಿಕೆಯಾಯಿತು. ಈರಣ್ಣ ತನ್ನ ಕಂಡಿಕೆಗೆ ಹೆಸರಿಟ್ಟು, ಮದುವೆ ಮಾಡಿ, ಬದಾಮಿಗೆ ಬಸ್ಸು ಹತ್ತಿಸುವ ಮಟ್ಟಕ್ಕೆ ಆಟ ಬೆಳೆಸಿದ್ದ. ಕಸ್ತೂರಿ ಒಂದು ವರ್ಷದ ಕೂಸಿನ ಹಾಗೆ ಕಂಡಿಕೆಯನ್ನು ಹಲಗೆಗೆ ಬಡಿಯುವಳು, ಬಾಯಲ್ಲಿಟ್ಟು ಕಡಿಯುವಳು, ಬಿಸಾಡುವಳು. ಮೈ ತೊಳೆಯಲಿಲ್ಲ, ಉಣ್ಣಿಸಲಿಲ್ಲ, ಮಲಗಿಸಲಿಲ್ಲ. ಹೇಳಿಕೊಳ್ಳುವವರು ಇಲ್ಲದೆ ಅವಳ ಆಟ ಸತ್ತುಹೋಗಿತ್ತು. ಒಂದು ದಿನ ಈರಣ್ಣ ಅವಳ ಮುಂದೆ ಕೂತು ಯಾರಿಗೂ ಕಾಣದಂತೆ ಅಂಗೈ ತಟ್ಟಿದ. ಅವಳ ಮುಖ ಅರಳಿತು. ಉತ್ತರ ಕೊಡಲು ಕೈ ಎತ್ತುವ ಮೊದಲು ನನ್ನ ಕಡೆ ನೋಡಿದಳು. ನಾನು ಎದ್ದಿರಲೇ ಇಲ್ಲ, ಕೂತಲ್ಲೇ ಇದ್ದೆ. ಅವಳು ಎರಡೂ ಕೈಗಳನ್ನು ಹಿಂದಕ್ಕೆ ಒಯ್ದು, ತನ್ನ ಕುಂಡೆಯ ಕೆಳಗೆ ಸಿಕ್ಕಿಸಿಕೊಂಡು, ಅವುಗಳ ಮೇಲೆ ಕೂತಳು. ಎರಡು ವರ್ಷದ ಕೂಸು.

ಅದಾದ ಮರುದಿನವೇ ಅಮಾವಾಸ್ಯೆ ಇತ್ತು. ಪೂಜೆ ಆದ ಮೇಲೆ, ಗಂಡಸರು ಇನ್ನೂ ಹೊರಗೆ ಹೋಗುವ ಮೊದಲು, ನಾನು ಹೋಗಿ ಆಯಿಯ ಮುಂದೆ ನಿಂತೆ.

"ಆಯಿ, ಕಸ್ತೂರಿನ್ನ ತೊಟ್ಟಲದಾಗ ಕುಂದ್ರಿಸಿ ಕರಿ."

"ಯಾಕೋ? ತೊಟ್ಟಲಾ ಮುರೀಬೇಕೇನ? ದೊಡ್ಡಾಕಿ ಆಗ್ಯಾಳ."

"ಒಮ್ಮೆ ಕುಂದ್ರಸು. ಹಿಂದಿನಿಂದ ಕರಿ. ಹಲಗಿ ಮ್ಯಾಲ ಬ್ಯಾಡ."

ನನ್ನ ಮುಖದಲ್ಲಿ ಏನು ಕಂಡಿತೋ, ಆಯಿ ಕೂರಿಸಿದಳು. ಹಿಂದೆ ನಿಂತು ಕರೆದಳು. ಜೋರಾಗಿ ಕರೆದಳು. ಕಾಕಾ ಬಂದು ಗಂಟೆ ಬಾರಿಸಿದ. ಅಪ್ಪ ಒದರಿದ. ಕಸ್ತೂರಿ ತೊಟ್ಟಿಲ ಹಗ್ಗದ ಗಂಟನ್ನು ಬಿಚ್ಚಲು ನೋಡುತ್ತ ಕೂತಿದ್ದಳು. ಆಮೇಲೆ ಅವಳನ್ನು ಹಲಗೆಯ ಮೇಲೆ ಕೂರಿಸಿ, ಯಾರೂ ಬಾಯಿ ತೆರೆಯದೆ, ಕಾಕಾನಿಂದ ಒಮ್ಮೆ ಕಾಲು ಬಡಿಸಿದರು. ತಕ್ಷಣ ತಿರುಗಿದಳು. ಅವ್ವ ಓಡಿ ಬಂದು ಅವಳ ಮುಂದೆ ಕೂತಳು, ಕೈ ಮಾತ್ರ ಸೆರಗಿನೊಳಗೇ ಇದ್ದವು. ಆಯಿ ಬಗ್ಗಿ ಹಲಗೆಯ ಮೇಲೆ ಅಂಗೈ ಊರಿದಳು.

"ನೆಲ ಕೇಳಸ್ತಿತ್ತು ಕೂಸಿಗೆ. ನಾ ಕಿವಿ ಅಂದ್ಕೊಂಡೆ." ಆಮೇಲೆ ಅವ್ವನ ಕಡೆ ತಿರುಗಿ, "ನೀಲವ್ವಾ, ಕೈ ಹೊರಗ ತಗಿಯವ್ವಾ. ನನ್ನ ಮಾತಿಗೆ ಬೆಂಕಿ ಬೀಳ್ಲಿ" ಎಂದಳು.

"ನಿನಗ ಹೆಂಗ ತಿಳೀತೋ ಪರಸ್ಯಾ?" ಎಂದು ಕಾಕಾ ಕೇಳಿದ.

ಹೇಳುವ ಹೊತ್ತು ಅದು. ಹಲಗೆಯ ತುದಿ, ನನ್ನ ಹಿಮ್ಮಡಿ, ಪಟಾಕಿ, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. "ನಿನ್ನೆ ಆಡೂ ಮುಂದ ನೋಡಿದೆ" ಎಂದೆ. ಕಾಕಾ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಮನಿತನದಾಗ ಇವನೊಬ್ಬನಿಗೆ ಕಣ್ಣು ಅದಾವ ಎನ್ನುತ್ತ ಓಣಿಯ ತುಂಬ ಮೆರೆಸಿ, ಪೇಟೆಗೆ ಒಯ್ದು ಕರದಂಟು ಕೊಡಿಸಿದ. ತಿಂದೆ. ರುಚಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ರುಚಿಯಾಗಿಯೇ ಇತ್ತು.

ಕೈಗಳು ಮನೆಗೆ ಮರಳಿ ಬಂದವು. ಎಪ್ಪತ್ತರ ಆಯಿ ಎಲ್ಲರಿಗಿಂತ ಹೆಚ್ಚು ಕೈಯಾಡಿಸತೊಡಗಿದಳು. ಅವಳ ಬೆರಳು ಸೆಟೆದಿದ್ದವು, ಅವಳು ಕೈಯಲ್ಲಿ ಏನು ಹೇಳಿದರೂ ಬೈದಂತೆ ಕಾಣುತ್ತಿತ್ತು. ಕಸ್ತೂರಿ ಬಿದ್ದು ಬಿದ್ದು ನಗುವಳು. ಹದಿನೈದು ದಿನದಲ್ಲಿ ಕಂಡಿಕೆ ಮತ್ತೆ ಉಂಡಿತು, ಮಲಗಿತು, ಮೈ ತೊಳೆಸಿಕೊಂಡಿತು. ಮಳೆಗಾಲಕ್ಕೆ ಅದಕ್ಕೆ ಜ್ವರ ಬಂದು ದವಾಖಾನೆಗೂ ಹೋಯಿತು. ಅದೇ ವರ್ಷ ಅಪ್ಪ ಅವ್ವ ನನ್ನನ್ನೂ ಕರೆದುಕೊಂಡು ಕಸ್ತೂರಿಯನ್ನು ಬಾಗಲಕೋಟೆಯ ವೈದ್ಯರಿಗೆ ತೋರಿಸಿದರು. ನಾನು ಧೈರ್ಯ ಮಾಡಿ, "ಪಟಾಕಿಯಿಂದ ಹಿಂಗ ಆಗ್ತೈತೇನ್ರಿ?" ಎಂದು ಕೇಳಿದೆ. ಇಲ್ಲ ತಮ್ಮಾ, ಇದು ಹುಟ್ಟಿನಿಂದಲೇ ಬಂದದ್ದು, ಪಟಾಕಿಗೆ ಎಚ್ಚರಾಗದೇ ಇದ್ದದ್ದೇ ಅದಕ್ಕೆ ಸಾಕ್ಷಿ ಎಂದರು. ವಾಪಸು ಬರುವ ಬಸ್ಸಿನಲ್ಲಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನನ್ನನ್ನು ಬಿಟ್ಟುಬಿಟ್ಟರು ಅಂದುಕೊಂಡೆ. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತ್ತು. ಮಾಡಿದ ತಪ್ಪಿನ ಹೆಸರನ್ನು ಯಾರೂ ಎತ್ತಿರಲಿಲ್ಲ, ನಾನೂ ಎತ್ತಲಿಲ್ಲ.

ಕಸ್ತೂರಿ ಮುಂದೆ ಬಾಗಲಕೋಟೆಯಲ್ಲಿ ಅಂಥ ಮಕ್ಕಳ ಸಾಲೆಯಲ್ಲಿ ಓದಿದಳು. ರಜೆಗೆ ಬಂದಾಗ ನಮ್ಮ ಕೈಮಾತನ್ನು ಹಳ್ಳಿಗಮಾರರ ಮಾತು ಎಂದು ಆಡಿಕೊಂಡು ನಗುತ್ತಿದ್ದಳು. ಅಲ್ಲಿ ಜೊತೆಗೆ ಓದಿದ ಬದಾಮಿಯ ಹುಡುಗನನ್ನೇ ಮದುವೆಯಾದಳು. ಅವನು ದರ್ಜಿ. ಇಳಕಲ್ಲಿನಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯಲ್ಲಿ ಅಂಗಡಿ ಹಾಕಿದ್ದಾನೆ. ಮಕ್ಕಳು ಮೊಮ್ಮಕ್ಕಳು ಎಲ್ಲರೂ ಸುತ್ತಮುತ್ತ ಇದ್ದಾರೆ. ಚೆನ್ನಾಗಿದ್ದಾರೆ. ಇಷ್ಟು ಒಳ್ಳೆಯದಾದ ಮೇಲೆ ಹಳೆಯದನ್ನು ಕೆದಕುವುದೇಕೆ ಎಂದು ನನಗೆ ನಾನೇ ಹೇಳಿಕೊಂಡು ಎಷ್ಟೋ ವರ್ಷ ಕಳೆದೆ. ಅವ್ವ ಬದುಕಿದ್ದಾಗ ಹೇಳಲಿಲ್ಲ.

ಈ ವರ್ಷ ನನ್ನ ಮೊಮ್ಮಗಳು ಹಡೆದಳು. ಕೂಸು ಹುಟ್ಟಿದ ಎರಡನೇ ದಿನವೇ ದವಾಖಾನೆಯ ಹುಡುಗಿಯೊಬ್ಬಳು ಸಣ್ಣ ಯಂತ್ರ ತಂದು, ನಿದ್ದೆಯಲ್ಲಿದ್ದ ಕೂಸಿನ ಕಿವಿಗೆ ಇಟ್ಟು, "ಎರಡೂ ಕಿವಿ ಚಲೋ ಅದಾವ್ರಿ ಅಜ್ಜಾರ" ಎಂದಳು. ಎರಡು ನಿಮಿಷದ ಕೆಲಸ. ಮನೆಗೆ ಬಂದು ಸೊಸೆ ಇದನ್ನು ಎಲ್ಲರಿಗೂ ಹೇಳುತ್ತ, "ಆಗ ಎಲ್ಲಿ ಇಂಥಾ ಮಷಿನ್? ನಮ್ಮ ಮಾವನ ಕಣ್ಣ ಮಷಿನ್" ಎಂದಳು. ಎಲ್ಲರೂ ನಕ್ಕರು. ಕಸ್ತೂರಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಏಕೆ ನಗುತ್ತಾರೆ ಎಂದು ಮೊಮ್ಮಗನನ್ನು ಕೇಳಿ ತಿಳಿದುಕೊಂಡು, ನನ್ನ ಕಡೆ ನೋಡಿ ಹೆಮ್ಮೆಯಿಂದ ಎದೆ ಮುಟ್ಟಿಕೊಂಡಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಎಲ್ಲರೂ ಒಳಗೆ ಹೋದ ಮೇಲೆ ಅವಳ ಎದುರು ಕೂತು ಕೈಯಲ್ಲಿ ಹೇಳಿದೆ. ಪಟಾಕಿಯಿಂದ ಹಿಡಿದು ಕರದಂಟಿನ ತನಕ. ಅವಸರದಲ್ಲಿ ಹೇಳಿದ್ದರಿಂದ ಎರಡು ಸಲ "ತಿಳೀಲಿಲ್ಲ, ಮತ್ತೊಮ್ಮೆ ಹೇಳು" ಎಂದಳು. ಅವಳ ಕೈ ಹಿಡಿದಿಟ್ಟದ್ದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಒಂದು ಕೈಯಿಂದ ನನ್ನದೇ ಇನ್ನೊಂದು ಕೈಯನ್ನು ಹಿಡಿದು ತೋರಿಸಿದೆ.

"ಅವ್ವಗ ಹೇಳಿದ್ಯಾ?" ಎಂದು ಕೇಳಿದಳು.

"ಇಲ್ಲ."

ಅವಳು ಮುಖ ತಿರುಗಿಸಿ ಶೇಂಗಾ ಸುಲಿಯತೊಡಗಿದಳು. ಅವಳು ನೋಡದಿದ್ದರೆ ನನ್ನ ಮಾತಿಗೆ ಬಾಗಿಲು ಹಾಕಿದಂತೆ. ಮುಟ್ಟಿ ಕರೆಯಬಹುದಿತ್ತು, ಕರೆಯಲಿಲ್ಲ. ಮೊರದ ತುಂಬ ಸಿಪ್ಪೆಯಾಯಿತು. ಕೊನೆಗೆ ಕೈ ಝಾಡಿಸಿಕೊಂಡು ನನ್ನ ಕಡೆ ತಿರುಗಿದಳು.

"ಅವ್ವ ಸಾಯೂತನಕ ತನ್ನದ ತಪ್ಪು ಅಂತ ಅಂದ್ಕೊಂಡಿದ್ದಳು. ಅತ್ತಿ ಮಾತು ಕೇಳಿ ಕೈ ಮುಚ್ಚಕೊಂಡೆ ಅಂತ. ಅಕಿಗೆ ನೀ ಹೇಳಬೇಕಾಗಿತ್ತು. ಅದು ಆಗಲಿಲ್ಲ, ಮುಗೀತು. ಅವತ್ತು ನೀ ಕಾಕಾನ ಹೆಗಲ ಮ್ಯಾಲ ಹೋದಿ. ಮನಿಯಾಗ ಏನಾತು ಗೊತ್ತೈತ್ಯಾ ನಿನಗ?"

ಗೊತ್ತಿಲ್ಲ ಎಂದೆ.

"ನನಗೂ ನೆನಪಿಲ್ಲ. ಅವ್ವ ಹೇಳಿದ್ದು. ನನ್ನನ್ನ ಎದುರಿಗೆ ಕುಂದ್ರಿಸಿಕೊಂಡು, ಸೆರಗಿನಾಗಿಂದ ಕೈ ತಗದು, ಹಿಂಗ ಹಿಂಗ ಗಲ್ಲ ಬಡಕೊಂಡಳಂತ, ದೇವರ ಮುಂದ ತಪ್ಪಾತು ಅಂತ ಬಡಕೋತಾರಲ್ಲ, ಹಂಗ. ನಾ ಏನ ಮಾಡಿದೆ ಗೊತ್ತೈತ್ಯಾ? ಆಟ ಅಂದ್ಕೊಂಡು ನಕ್ಕೆನಂತ. ನಾಕು ತಿಂಗಳ ಮ್ಯಾಲ ಮೊದಲ ಸಲ ನಕ್ಕೆನಂತ. ನಕ್ಕು, ಬೆರಳ ತಿರುವಿ ಇನ್ನೊಮ್ಮೆ ಅಂದೆನಂತ. ಅಕಿ ಮತ್ತ ಬಡಕೊಂಡಳು. ಇನ್ನೊಮ್ಮೆ. ಮತ್ತ ಬಡಕೊಂಡಳು. ಗಲ್ಲ ಕೆಂಪ ಆಗೂತನಕ ಆಡಿಸಿದೆನಂತ ನಾ. ಅಳಕೋತ ನಗಕೋತ ಆಡಿದಳಂತ ಅಕಿ."

ಅಷ್ಟು ಹೇಳಿ, ಮೊರ ಪಕ್ಕಕ್ಕೆ ಸರಿಸಿ, ಮೊಣಕಾಲಿಗೆ ಮೊಣಕಾಲು ಹತ್ತುವಂತೆ ಮುಂದೆ ಬಂದು ಕೂತಳು. ಕಾಯುತ್ತಿರುವವಳಂತೆ ನನ್ನನ್ನು ನೋಡಿದಳು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಎರಡೂ ಕೈ ಎತ್ತಿ ಗಲ್ಲ ಬಡಿದುಕೊಂಡೆ. ಹಲ್ಲಿಲ್ಲದ ಗಲ್ಲ, ಸದ್ದೇ ಬೇರೆ ಬಂತು. ಅವಳಿಗೆ ಅದು ಕೇಳಿಸಲಿಲ್ಲ, ಆದರೆ ನನ್ನ ಮುಖ ಕಂಡಿತು. ಅವಳ ತುಟಿಯ ತುದಿ ಅಲುಗಿತು, ಆಮೇಲೆ ಹೆಗಲು ಅಲುಗಿದವು. ಒಳಗಿನಿಂದ ಮೊಮ್ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಅಜ್ಜಾ, ಏನ ಮಾಡಾಕತ್ತೀರಿ ಇಬ್ಬರೂ?" ಎಂದಳು. ಕಸ್ತೂರಿ ಬೆರಳು ತಿರುವುತ್ತಿದ್ದಳು: ಇನ್ನೊಮ್ಮೆ.